ಆಫ್‌ರೋಡ್ ವಾಹನದ ಡಿಫರೆನ್ಷಿಯಲ್‌ಗೆ ಯಾವ ಗೇರ್ ಆಯಿಲ್? ಪದೇ ಪದೇ ಕೇಳುವ ಪ್ರಶ್ನೆಗಳು

ಡಿಫರೆನ್ಷಿಯಲ್ ಎಂದರೆ ಎರಡು ಚಕ್ರಗಳ ನಡುವಿನ ಆ್ಯಕ್ಸಲ್‌ನಲ್ಲಿ ಕುಳಿತು ಎಂಜಿನ್‌ನ ಬಲವನ್ನು ಅವೆರಡಕ್ಕೂ ಹಂಚುವ ಗೇರ್ ಪೆಟ್ಟಿಗೆ. ಎಂಜಿನ್ ಆಯಿಲ್ ಬಗ್ಗೆ ಗಂಟೆಗಟ್ಟಲೆ ವಾದಿಸುವವರನ್ನೂ ಡಿಫರೆನ್ಷಿಯಲ್ ಆಯಿಲ್ ಕೊನೆಯ ಸಲ ನೋಡಿದ್ದು ಯಾವಾಗ ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ನೋಡಿದವರು ಡಬ್ಬಿಯ ಮೇಲಿನ ಅಂಕಿಗಳ ಬಗ್ಗೆಯೇ ತಲೆ ಕೆಡಿಸಿಕೊಂಡಿರುತ್ತಾರೆ. ಅಂಕಿ ಮುಖ್ಯ ಹೌದು. ಆದರೆ ಕೆಟ್ಟ ಡಿಫರೆನ್ಷಿಯಲ್‌ಗಳನ್ನು ಬಿಚ್ಚಿದಾಗ ಸಿಗುವ ಕಾರಣಗಳು ಬಹುಪಾಲು ನೀರು, ಕಡಿಮೆ ಮಟ್ಟ ಮತ್ತು ವರ್ಷಗಟ್ಟಲೆ ಬದಲಿಸದ ಎಣ್ಣೆ. ಕೆಳಗಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬಂದರೆ ಬೇಸರಿಸಬೇಡಿ.

ಸುತ್ತಿಬಳಸದೆ ಹೇಳಿ, ಯಾವುದನ್ನು ಹಾಕಲಿ?

ವಾಹನದ ಕೈಪಿಡಿಯಲ್ಲಿ ಬರೆದಿರುವುದನ್ನು ಹಾಕಿ. ಕೈಪಿಡಿ ಕಳೆದುಹೋಗಿದ್ದು, ಆ್ಯಕ್ಸಲ್‌ನಲ್ಲಿ ಮಾಮೂಲಿ ಹೈಪಾಯ್ಡ್ ಗೇರ್ ಇದ್ದರೆ, ಜಿಎಲ್-5 ದರ್ಜೆಯ 75ಡಬ್ಲ್ಯೂ-90 ಅಥವಾ 80ಡಬ್ಲ್ಯೂ-90 ಹಾಕಿದವರು ಕೆಟ್ಟಿದ್ದು ಅಪರೂಪ. ಈ ಹೆಸರು, ಅಂಕಿಗಳ ಅರ್ಥ ಕೆಳಗಿನ ಉತ್ತರಗಳಲ್ಲಿದೆ. ಕ್ಲಚ್ ಫಲಕಗಳಿರುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಜಾರಿ ತಿರುಗುವುದನ್ನು ಮಿತಿಗೊಳಿಸುವ ಬಗೆ) ಆಗಿದ್ದರೆ ಮಾತ್ರ ಅದಕ್ಕೆಂದೇ ತಯಾರಿಸಿದ ಎಣ್ಣೆ ಬೇಕು. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ನೀರಿನ ಬಗೆಗಿನ ಪ್ರಶ್ನೆಯನ್ನಾದರೂ ಓದಿ ಹೋಗಿ.

ಡಿಫರೆನ್ಷಿಯಲ್‌ಗೆ ಬೇರೆಯೇ ಎಣ್ಣೆ ಏಕೆ? ಎಂಜಿನ್ ಆಯಿಲ್ ಸಾಲದೇ?

ಸಾಲದು. ಹೆಚ್ಚಿನ ಆ್ಯಕ್ಸಲ್‌ಗಳಲ್ಲಿ ಇರುವುದು ಹೈಪಾಯ್ಡ್ ಗೇರ್. ಇಲ್ಲಿ ಪಿನಿಯನ್ (ಎಂಜಿನ್ ಕಡೆಯಿಂದ ಬಲ ತರುವ ಚಿಕ್ಕ ಗೇರ್) ಕ್ರೌನ್ ವೀಲ್‌ನ (ಅದು ತಿರುಗಿಸುವ ದೊಡ್ಡ ಗೇರ್‌ನ) ನಡುಮಧ್ಯಕ್ಕೆ ಎದುರಾಗಿರುವುದಿಲ್ಲ. ಸ್ವಲ್ಪ ಕೆಳಕ್ಕೋ ಮೇಲಕ್ಕೋ ಸರಿದಿರುತ್ತದೆ. ಹಾಗೆ ಸರಿಸಿದರೆ ಪಿನಿಯನ್ನನ್ನು ದಪ್ಪಗೆ, ಗಟ್ಟಿಯಾಗಿ ಮಾಡಬಹುದು. ಏಕಕಾಲಕ್ಕೆ ಹೆಚ್ಚು ಹಲ್ಲುಗಳು ಕಚ್ಚಿಕೊಳ್ಳುತ್ತವೆ, ಸದ್ದೂ ಕಡಿಮೆ. 1920ರ ದಶಕದ ಕೊನೆಯಲ್ಲಿ ಕಾರುಗಳಿಗೆ ಬಂದ ಈ ವಿನ್ಯಾಸ ಇನ್ನೂ ಉಳಿದಿರುವುದು ಅದಕ್ಕೇ.

ತೊಡಕು ಏನೆಂದರೆ, ಹೈಪಾಯ್ಡ್ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉದ್ದಕ್ಕೂ ಉಜ್ಜಿಕೊಂಡು ಜಾರುತ್ತವೆ. ಭಾರಿ ಒತ್ತಡದಲ್ಲಿ ಈ ಜಾರಾಟ ನಡೆದಾಗ ನಡುವಿನ ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಆ ಕ್ಷಣಕ್ಕೆ ಬೇಕಾಗುವುದೇ ಅತಿ ಒತ್ತಡ ತಡೆಯುವ ಸೇರ್ಪಡೆಗಳು. ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಇವನ್ನು ಇಪಿ ಎನ್ನುತ್ತಾರೆ. ಇವು ಗಂಧಕ ಮತ್ತು ರಂಜಕದ ಸಂಯುಕ್ತಗಳು. ಹಲ್ಲು ಉಜ್ಜಿ ಬಿಸಿಯಾದ ಜಾಗದಲ್ಲಿ ಉಕ್ಕಿನೊಂದಿಗೆ ರಾಸಾಯನಿಕವಾಗಿ ಬೆರೆತು ತೆಳುವಾದ ಪೊರೆಯೊಂದನ್ನು ಕಟ್ಟುತ್ತವೆ. ಸವೆಯುವುದು ಆ ಪೊರೆ, ಹಲ್ಲು ಉಳಿಯುತ್ತದೆ. ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ಗೇರ್ ಆಯಿಲ್‌ಗೆ ಕೊಳೆತ ಮೊಟ್ಟೆಯಂಥ ವಾಸನೆ ಬರುವುದು ಇದೇ ಗಂಧಕದಿಂದ. ಎಂಜಿನ್ ಆಯಿಲ್‌ನಲ್ಲಿ ಈ ಮಟ್ಟದ ರಕ್ಷಣೆ ಇರುವುದಿಲ್ಲ.

ಜಿಎಲ್-4, ಜಿಎಲ್-5 ನಡುವಿನ ವ್ಯತ್ಯಾಸ ಏನು? ಜಿಎಲ್-5 ದೊಡ್ಡ ಸಂಖ್ಯೆ, ಅದನ್ನೇ ಎಲ್ಲೆಡೆ ಹಾಕಬಹುದೇ?

ಹಾಕಬಾರದು. ಈ ಅಂಕಿಗಳು ಗುಣಮಟ್ಟದ ಏಣಿಯ ಮೆಟ್ಟಿಲುಗಳಲ್ಲ, ಕೆಲಸದ ವಿಂಗಡಣೆ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಮಾಡಿದ ವರ್ಗೀಕರಣ ಇದು. ಜಿಎಲ್-5ರಲ್ಲಿ ಇಪಿ ಸೇರ್ಪಡೆಗಳು ಸಾಮಾನ್ಯವಾಗಿ ಜಿಎಲ್-4ರ ಎರಡು ಪಟ್ಟಿನಷ್ಟಿರುತ್ತವೆ. ಹೈಪಾಯ್ಡ್ ಆ್ಯಕ್ಸಲ್‌ಗೆ ಬೇಕಿರುವುದು ಅದೇ. ಜಿಎಲ್-4 ಹಾಕಿದರೆ ಹಲ್ಲಿನ ಮೈ ಗೀರುಬಿದ್ದು ಹಾಳಾಗಬಹುದು, ಅದರಲ್ಲೂ ಭಾರ ಎಳೆಯುವಾಗ.

ಗೇರ್‌ಬಾಕ್ಸ್‌ನ ಕಥೆ ಬೇರೆ. ಅನೇಕ ಮ್ಯಾನುಯಲ್ ಗೇರ್‌ಬಾಕ್ಸ್‌ಗಳಲ್ಲಿ ಗೇರ್ ಬದಲಿಸುವಾಗ ವೇಗ ಹೊಂದಿಸುವ ಸಿಂಕ್ರೊನೈಸರ್ ಉಂಗುರಗಳು ಹಿತ್ತಾಳೆಯವು. ಚುರುಕಾದ ಗಂಧಕ ತಾಮ್ರದ ಮಿಶ್ರಲೋಹಗಳನ್ನು ಕೊರೆಯಬಲ್ಲದು. ಇಂದಿನ ಒಳ್ಳೆಯ ಜಿಎಲ್-5 ಎಣ್ಣೆಗಳಲ್ಲಿ ಈ ಕೊರೆತವನ್ನು ತಡೆಯುವ ವ್ಯವಸ್ಥೆ ಇರುತ್ತದೆ ನಿಜ. ಆದರೂ ಸಿಂಕ್ರೊನೈಸರ್ ಕೆಲಸ ಮಾಡುವುದೇ ಘರ್ಷಣೆಯಿಂದ. ಆಕ್ಸಲ್‌ಗೆಂದು ಮಾಡಿದ ಎಣ್ಣೆ ಅಲ್ಲಿ ಅತಿಯಾಗಿ ಜಾರಿ ಗೇರ್ ಬದಲಿಸುವಾಗ ಕರಕರ ಎನ್ನಿಸುವುದುಂಟು. ಡಬ್ಬಿಯ ಮೇಲೆ ‘ಜಿಎಲ್-4/ಜಿಎಲ್-5’ ಎಂದು ಎರಡನ್ನೂ ಬರೆದುಕೊಂಡ ಎಣ್ಣೆಗಳ ಬಗ್ಗೆ ನನಗೆ ಒಂದಿಷ್ಟು ಅನುಮಾನವೇ. ತಯಾರಕರ ವಿವರಪತ್ರ ಓದಿ, ನಿಮ್ಮ ಗೇರ್‌ಬಾಕ್ಸ್‌ಗೆ ಅದು ಒಪ್ಪಿಗೆಯೇ ಎಂದು ಖಚಿತಪಡಿಸಿಕೊಳ್ಳದೆ ಸುರಿಯಬೇಡಿ.

ಎಸ್‌ಎಇ (ಅಮೆರಿಕದ ವಾಹನ ಎಂಜಿನಿಯರ್‌ಗಳ ಸಂಘ) ಹೊರಡಿಸಿದ ಜೆ2360 ಎಂಬ ಮಾನದಂಡವೂ ಡಬ್ಬಿಗಳ ಮೇಲೆ ಕಾಣುತ್ತದೆ. ಅಮೆರಿಕದ ಸೇನೆಯ ಹಳೆಯ ಗೇರ್ ಆಯಿಲ್ ಮಾನದಂಡದಿಂದ ಬೆಳೆದು ಬಂದದ್ದು ಅದು, ಜಿಎಲ್-5ಕ್ಕಿಂತ ಹೆಚ್ಚಿನ ಪರೀಕ್ಷೆಗಳನ್ನು ಕೇಳುತ್ತದೆ. ಎರಡು ಡಬ್ಬಿಗಳ ನಡುವೆ ಆಯ್ಕೆ ಕಷ್ಟವಾದರೆ ಅದಿರುವುದನ್ನು ಎತ್ತಿಕೊಳ್ಳಿ.

75ಡಬ್ಲ್ಯೂ-90 ಎಂದರೇನು? ಎಂಜಿನ್ ಆಯಿಲ್‌ನಲ್ಲಿ 40, 50 ಇರುವಾಗ ಇಲ್ಲಿ 90, 140 ಹೇಗೆ?

ಎರಡೂ ಬೇರೆ ಬೇರೆ ಅಳತೆಗೋಲು. ಗೇರ್ ಆಯಿಲ್‌ನ ಅಂಕಿಗಳು ಎಸ್‌ಎಇ ಜೆ306 ಪ್ರಕಾರ. ಅದರಲ್ಲಿ 90 ಎಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆ, ಅಂದರೆ ಎಣ್ಣೆಯ ಮಂದತನ, 13.5ರಿಂದ 18.5 ಸೆಂಟಿಸ್ಟೋಕ್ಸ್ (ಅದರ ಅಳತೆಯ ಮಾನ) ನಡುವೆ. ಎಂಜಿನ್ ಆಯಿಲ್‌ನ 40 ಮತ್ತು 50 ದರ್ಜೆಗಳೂ ಹೆಚ್ಚುಕಡಿಮೆ ಇದೇ ಹರವಿನಲ್ಲಿ ಬರುತ್ತವೆ. ಹಾಗಾಗಿ 90 ನೋಡಿ ‘ಎಷ್ಟು ದಪ್ಪ!’ ಎಂದು ಬೆರಗಾಗಬೇಕಿಲ್ಲ. 110 ದರ್ಜೆಗೆ 18.5ರಿಂದ 24, 140ಕ್ಕೆ 24ರಿಂದ 32.5.

ಡಬ್ಲ್ಯೂ ಜೊತೆಗಿರುವ ಅಂಕಿ ಚಳಿಯದು. ಎಣ್ಣೆ ಒಂದು ನಿಗದಿತ ಮಿತಿಗಿಂತ ಮಂದವಾಗದೆ ಎಷ್ಟು ತಂಪಿನವರೆಗೆ ಉಳಿಯಬೇಕು ಎಂಬುದನ್ನು ಅದು ಹೇಳುತ್ತದೆ. 75ಡಬ್ಲ್ಯೂ ಆದರೆ ಮೈನಸ್ 40 ಡಿಗ್ರಿ, 80ಡಬ್ಲ್ಯೂ ಆದರೆ ಮೈನಸ್ 26, 85ಡಬ್ಲ್ಯೂ ಆದರೆ ಮೈನಸ್ 12. ಹಿಮ ಬೀಳುವ ಎತ್ತರಕ್ಕೆ ಹೋಗದವರಿಗೆ 75 ಮತ್ತು 80ರ ವ್ಯತ್ಯಾಸ ಅನುಭವಕ್ಕೆ ಬರುವುದೇ ಇಲ್ಲ.

ಬಂಡೆ ಹತ್ತುತ್ತೇನೆ, ಮರಳಿನಲ್ಲಿ ಓಡಿಸುತ್ತೇನೆ. ದಪ್ಪ ಎಣ್ಣೆ ಹಾಕಿದರೆ ಒಳ್ಳೆಯದಲ್ಲವೇ?

ಬಂಡೆ ಮತ್ತು ಮರಳು ಡಿಫರೆನ್ಷಿಯಲ್‌ಗೆ ಒಂದೇ ಬಗೆಯ ಕಷ್ಟ ಕೊಡುವುದಿಲ್ಲ. ಬೇರೆ ಬೇರೆಯಾಗಿ ನೋಡಬೇಕು.

ಬಂಡೆಯ ಮೇಲೆ ಚಕ್ರ ತೆವಳುತ್ತದೆ, ತಿರುಗುಬಲ ಮಾತ್ರ ವಿಪರೀತ. ಎಣ್ಣೆಯ ಪದರ ಕಟ್ಟಿಕೊಳ್ಳಲು ಮೈಗಳು ಒಂದಕ್ಕೊಂದು ವೇಗವಾಗಿ ಚಲಿಸುತ್ತಿರಬೇಕು. ತೆವಳುವ ವೇಗದಲ್ಲಿ ಎಂಥ ದಪ್ಪ ಎಣ್ಣೆಯೂ ಪೂರ್ಣ ಪದರ ಕಟ್ಟಲಾರದು. ಅಲ್ಲಿ ಹಲ್ಲನ್ನು ಕಾಯುವುದು ಇಪಿ ಸೇರ್ಪಡೆ, ಅದರಲ್ಲೂ ನಿಧಾನ ಚಲನೆ ಮತ್ತು ಹೆಚ್ಚಿನ ತಿರುಗುಬಲದಲ್ಲಿ ರಂಜಕದ ಪಾತ್ರ ದೊಡ್ಡದು. ಇನ್ನೊಂದು ವಿಷಯ: ಡಿಫರೆನ್ಷಿಯಲ್‌ನಲ್ಲಿ ಸಾಮಾನ್ಯವಾಗಿ ಪಂಪ್ ಇರುವುದಿಲ್ಲ. ಕ್ರೌನ್ ವೀಲ್ ತಿರುಗುತ್ತಾ ಎಣ್ಣೆಯನ್ನು ಎರಚಿದಾಗಲೇ ಪಿನಿಯನ್ ಬೇರಿಂಗ್‌ಗೆ ಅದು ಮುಟ್ಟುವುದು. ನಿಧಾನಕ್ಕೆ ತಿರುಗಿದರೆ ಎರಚುವಿಕೆ ಕಡಿಮೆ. ಆಗ ಎಣ್ಣೆ ಅತಿ ಮಂದವಾಗಿದ್ದರೆ ಕಿರಿದಾದ ಕಾಲುವೆಗಳಲ್ಲಿ ಹರಿದು ಹೋಗುವುದು ಇನ್ನೂ ತಡ. ಆದ್ದರಿಂದ ಬಂಡೆ ಹತ್ತುವವರಿಗೆ 140 ಕಡ್ಡಾಯ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಟ್ಟ ಸರಿಯಾಗಿರಲಿ, ಸೇರ್ಪಡೆ ತಾಜಾ ಇರಲಿ.

ಮರಳಿನಲ್ಲಿ ಚಕ್ರವೂ ಜೋರಾಗಿ ತಿರುಗುತ್ತದೆ, ಭಾರವೂ ಬಿಡುವಿಲ್ಲದೆ ಇರುತ್ತದೆ. ಇಲ್ಲಿ ಶತ್ರು ಶಾಖ. ಎಣ್ಣೆ ಬಿಸಿಯಾದಂತೆ ತೆಳುವಾಗುತ್ತದೆ, ಬೇಗ ಹಳಸುತ್ತದೆ. ಉಷ್ಣಾಂಶ ಸುಮಾರು 10 ಡಿಗ್ರಿ ಏರಿದಂತೆಲ್ಲ ಎಣ್ಣೆ ಆಮ್ಲಜನಕದೊಂದಿಗೆ ಬೆರೆತು ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಹಳೆಯ ಲೆಕ್ಕ. ಬಿಸಿ ನಾಡಿನಲ್ಲಿ, ದೊಡ್ಡ ಟೈರ್ ಹಾಕಿ, ಹೊರೆ ಹೊತ್ತು, ಮರಳುದಿಬ್ಬಗಳ ಮೇಲೆ ದಿನವಿಡೀ ಓಡಿಸುವವರಿಗೆ 75ಡಬ್ಲ್ಯೂ-110, 75ಡಬ್ಲ್ಯೂ-140 ಅಥವಾ 85ಡಬ್ಲ್ಯೂ-140 ಅರ್ಥಪೂರ್ಣ. ಭಾರದ ಟ್ರೇಲರ್ ಎಳೆಯುವವರಿಗೂ ಇದೇ ಮಾತು. ಅನೇಕ ತಯಾರಕರು ಎಳೆಯುವ ಕೆಲಸಕ್ಕೆಂದೇ ಕೈಪಿಡಿಯಲ್ಲಿ ಬೇರೆ ದರ್ಜೆ ಬರೆದಿರುತ್ತಾರೆ, ಆ ಸಾಲನ್ನು ಹುಡುಕಿ.

ಉಳಿದವರಿಗೆ ದಪ್ಪ ಎಣ್ಣೆಯಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ. ಗೇರ್ ತನ್ನ ಶಕ್ತಿಯನ್ನು ಎಣ್ಣೆ ಕಡೆಯುವುದರಲ್ಲೇ ಕಳೆಯುತ್ತದೆ, ಕಡೆದದ್ದು ಮತ್ತೆ ಶಾಖವಾಗುತ್ತದೆ, ಇಂಧನವೂ ವ್ಯರ್ಥ.

ನನ್ನ ಹೊಸ ವಾಹನಕ್ಕೆ 75ಡಬ್ಲ್ಯೂ-85 ಎಂದು ಬರೆದಿದೆ. ಅಷ್ಟು ತೆಳು ಎಣ್ಣೆ ನಂಬಬಹುದೇ?

ತೆಳು ಎಣ್ಣೆಯತ್ತ ತಯಾರಕರು ಹೊರಳಿದ್ದಕ್ಕೆ ಮುಖ್ಯ ಕಾರಣ ಇಂಧನ ಉಳಿತಾಯ. ಹಾಗೆಂದು ಅದು ಮೋಸವಲ್ಲ. ಆ ಆ್ಯಕ್ಸಲ್‌ನ ಬೇರಿಂಗ್, ಹಲ್ಲಿನ ಮೈ, ಎಣ್ಣೆಯ ಕಾಲುವೆ ಎಲ್ಲವನ್ನೂ ಆ ಎಣ್ಣೆಯೊಂದಿಗೇ ಪರೀಕ್ಷಿಸಿರುತ್ತಾರೆ. ವಾರಾಂತ್ಯದ ಕಾಡುದಾರಿಗೆ ಅದೇ ಸಾಕು. ಮೇಲೆ ಹೇಳಿದಂಥ ಬಿಸಿ, ಭಾರದ ಬಳಕೆ ಇದ್ದರೆ ಒಂದು ದರ್ಜೆ ಏರಿಸಿ 75ಡಬ್ಲ್ಯೂ-90ಕ್ಕೆ ಹೋಗುವುದು ವಿವೇಕ. ಖಾತರಿ ಅವಧಿ ಇನ್ನೂ ಮುಗಿದಿಲ್ಲದಿದ್ದರೆ ಮೊದಲು ಸೇವಾ ಕೇಂದ್ರದವರಿಂದ ಬರವಣಿಗೆಯಲ್ಲಿ ಕೇಳಿಕೊಳ್ಳಿ. 85ರಿಂದ ಒಮ್ಮೆಲೇ 140ಕ್ಕೆ ಜಿಗಿಯುವುದು ಬೇಡ.

ಸಿಂಥೆಟಿಕ್ ಬೇಕೇ, ಮಿನರಲ್ ಸಾಕೇ?

ಸಿಂಥೆಟಿಕ್‌ನ ಲಾಭ ನಿಜವಾದದ್ದು: ಚಳಿಯಲ್ಲಿ ಹರಿಯುತ್ತದೆ, ಬಿಸಿಯಲ್ಲಿ ತೆಳುವಾಗುವುದು ಕಡಿಮೆ, ಹೆಚ್ಚು ಕಾಲ ಹಳಸದೆ ಉಳಿಯುತ್ತದೆ. ಆದರೆ ನೀರು ಹೊಕ್ಕರೆ ಎರಡೂ ಒಂದೇ. ಕೆಸರಿನಲ್ಲಿ, ಹೊಳೆಯಲ್ಲಿ ಪದೇ ಪದೇ ಇಳಿಯುವವರು ದುಬಾರಿ ಸಿಂಥೆಟಿಕ್ ಹಾಕಿ ಅದನ್ನು ಉಳಿಸಿಕೊಳ್ಳುವ ಆಸೆಗೆ ಬಿದ್ದು ಬದಲಿಸಲು ಹಿಂಜರಿಯುವುದನ್ನು ನೋಡಿದ್ದೇನೆ. ಅಂಥವರು ಒಳ್ಳೆಯ ಮಿನರಲ್ ಎಣ್ಣೆಯನ್ನು ಕೈಬಿಚ್ಚಿ ಬದಲಿಸುವುದು ಮೇಲು. ದೂರದ, ಒಣ, ಬಿಸಿ ಪ್ರಯಾಣದವರಿಗೆ ಮತ್ತು ಕಡು ಚಳಿಯವರಿಗೆ ಸಿಂಥೆಟಿಕ್.

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದೆ. ಬೇರೆ ಎಣ್ಣೆ ಬೇಕೇ?

ಯಾವ ಬಗೆ ಎಂಬುದರ ಮೇಲೆ ಹೋಗುತ್ತದೆ. ಕ್ಲಚ್ ಫಲಕಗಳ ಬಗೆಯಾದರೆ ಬೇಕು. ತಿರುವಿನಲ್ಲಿ ಒಳಚಕ್ರ ಮತ್ತು ಹೊರಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗುವಾಗ ಆ ಫಲಕಗಳು ನಯವಾಗಿ ಜಾರಬೇಕು. ಮಾಮೂಲಿ ಜಿಎಲ್-5 ಇದ್ದರೆ ಹಿಡಿದು, ಬಿಟ್ಟು, ಹಿಡಿದು, ಬಿಟ್ಟು ಹಿಂದಿನಿಂದ ಗಡಗಡ ಸದ್ದು ಬರುತ್ತದೆ. ಘರ್ಷಣೆಯನ್ನು ಪಳಗಿಸುವ ಸೇರ್ಪಡೆ ಇದನ್ನು ತಡೆಯುತ್ತದೆ. ‘ಎಲ್‌ಎಸ್’ ಎಂದು ಬರೆದ ಎಣ್ಣೆಗಳಲ್ಲಿ ಅದು ಆಗಲೇ ಬೆರೆತಿರುತ್ತದೆ, ಕೆಲವರು ಪುಟ್ಟ ಬಾಟಲಿಯಲ್ಲಿ ಪ್ರತ್ಯೇಕವಾಗಿ ಕೊಡುತ್ತಾರೆ. ಎರಡನ್ನೂ ಒಟ್ಟಿಗೆ ಹಾಕಿ ಅತಿಯಾಗಿಸಿದರೆ ಫಲಕಗಳು ಹಿಡಿಯುವುದನ್ನೇ ಬಿಟ್ಟು, ಕೆಸರಿನಲ್ಲಿ ಒಂದೇ ಚಕ್ರ ಗಿರಗಿರ ತಿರುಗುತ್ತದೆ. ಎಣ್ಣೆ ಬದಲಿಸಿದ ಮೇಲೆ ಬಯಲು ಜಾಗದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಕೆಲವು ಸುತ್ತು ಹಾಕಿ, ಹೊಸ ಎಣ್ಣೆ ಫಲಕಗಳ ನಡುವೆ ಹೊಗುತ್ತದೆ.

ಟಾರ್ಸೆನ್‌ನಂಥ ಗೇರ್ ಆಧಾರಿತ ಬಗೆಯಲ್ಲಿ ಕ್ಲಚ್ ಫಲಕಗಳ ಕಟ್ಟೇ ಇಲ್ಲ. ಅದು ದುಡಿಯುವುದೇ ಒಳಗೇರ್‌ಗಳ ಘರ್ಷಣೆಯಿಂದ, ಹಾಗಾಗಿ ಸಾಮಾನ್ಯವಾಗಿ ಈ ಸೇರ್ಪಡೆ ಬೇಡ.

ನಿಮ್ಮದು ಯಾವುದೆಂದು ಗೊತ್ತಿಲ್ಲವೇ? ಹೌಸಿಂಗ್ ಮೇಲಿನ ತಗಡಿನ ಪಟ್ಟಿ ಅಥವಾ ಫಿಲ್ಲರ್ ಪ್ಲಗ್ ಬಳಿಯ ಸ್ಟಿಕ್ಕರ್ ನೋಡಿ. ಅದೂ ಇಲ್ಲದಿದ್ದರೆ, ಉಳಿದೆರಡು ಚಕ್ರಗಳಿಗೆ ಅಡ್ಡ ಕೊಟ್ಟು, ಆ ಡಿಫರೆನ್ಷಿಯಲ್‌ನ ಎರಡೂ ಚಕ್ರಗಳನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಒಂದನ್ನು ಕೈಯಿಂದ ತಿರುಗಿಸಿ. ಇನ್ನೊಂದು ವಿರುದ್ಧ ದಿಕ್ಕಿಗೆ ತಿರುಗಿದರೆ ಮಾಮೂಲಿ ತೆರೆದ ಡಿಫರೆನ್ಷಿಯಲ್. ಅದೇ ದಿಕ್ಕಿಗೆ ತಿರುಗಿದರೆ ಲಿಮಿಟೆಡ್ ಸ್ಲಿಪ್ ಅಥವಾ ಲಾಕರ್ (ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುವ ಸಾಧನ). ಫಲಕಗಳು ಪೂರ್ತಿ ಸವೆದಿದ್ದರೆ ಲಿಮಿಟೆಡ್ ಸ್ಲಿಪ್ ಕೂಡ ತೆರೆದದ್ದರಂತೆಯೇ ವರ್ತಿಸುತ್ತದೆ, ಎಚ್ಚರ.

ಲಾಕರ್ ಹಾಕಿಸಿದ್ದೇನೆ. ಅದಕ್ಕೆ?

ಗಾಳಿ ಅಥವಾ ವಿದ್ಯುತ್ತಿನಿಂದ ಬಿಗಿಯುವ ಲಾಕರ್‌ಗಳಲ್ಲಿ ಹಲ್ಲಿಗೆ ಹಲ್ಲು ಕೂಡಿಕೊಳ್ಳುತ್ತದೆ, ಘರ್ಷಣೆಯ ಪಾತ್ರವಿಲ್ಲ. ಮಾಮೂಲಿ ಜಿಎಲ್-5 ಸಾಕು. ಲಾಕರ್‌ನ ತಯಾರಕರು ಬೇರೇನಾದರೂ ಹೇಳಿದ್ದರೆ ಅವರ ಮಾತೇ ಅಂತಿಮ. ಗಾಳಿಯ ಲಾಕರ್ ಇದ್ದವರು ಇನ್ನೊಂದನ್ನು ಗಮನಿಸಿ: ಲಾಕರ್ ಬಿಡಿಸಿದಾಗ ಗಾಳಿಯ ಕವಾಟದಿಂದ ಎಣ್ಣೆಯ ಹನಿ ಸಿಡಿಯುತ್ತಿದ್ದರೆ ಆ್ಯಕ್ಸಲ್‌ನಲ್ಲಿ ಎಣ್ಣೆ ಹೆಚ್ಚಾಗಿರಬಹುದು ಅಥವಾ ಒಳಗಿನ ಸೀಲ್ ಸೋರುತ್ತಿರಬಹುದು.

ಹೊಳೆ ದಾಟಿದ ಮೇಲೆ ಎಣ್ಣೆ ನೋಡಬೇಕು ಎನ್ನುತ್ತಾರೆ. ಮುಚ್ಚಿದ ಪೆಟ್ಟಿಗೆಯೊಳಗೆ ನೀರು ಹೇಗೆ ಹೋಗುತ್ತದೆ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಓಡುತ್ತಿರುವ ವಾಹನದ ಆ್ಯಕ್ಸಲ್ ಬಿಸಿಯಾಗಿರುತ್ತದೆ. ಅದರೊಳಗೆ ಎಣ್ಣೆಯ ಮೇಲೆ ಗಾಳಿಯೂ ಇರುತ್ತದೆ, ಬಿಸಿಯಾಗಿ ಹಿಗ್ಗಿರುತ್ತದೆ. ಹಾಗೇ ತಣ್ಣನೆಯ ನೀರಿಗೆ ಇಳಿಸಿದರೆ ಹೌಸಿಂಗ್ ಕೂಡಲೇ ತಣಿಯುತ್ತದೆ, ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಸೆಳೆಯತೊಡಗುತ್ತದೆ. ಬ್ರೀದರ್ (ಆ್ಯಕ್ಸಲ್ ಉಸಿರಾಡುವ ಪುಟ್ಟ ಗಾಳಿಕವಾಟ) ನೀರಿನಡಿ ಇದ್ದರೆ ಅಲ್ಲಿಂದ, ಕೆಸರು ಮೆತ್ತಿ ಕಟ್ಟಿಕೊಂಡಿದ್ದರೆ ಸೀಲ್‌ಗಳ ಅಂಚಿನಿಂದ ನೀರು ಒಳಗೆ ಬರುತ್ತದೆ. ಆಯಿಲ್ ಸೀಲ್‌ನ ಮುಖ್ಯ ತುಟಿ ಒಳಮುಖವಾಗಿರುತ್ತದೆ. ಎಣ್ಣೆ ಹೊರಗೆ ಹೋಗದಂತೆ ತಡೆಯುವುದು ಅದರ ಕೆಲಸ, ನೀರು ಒಳಗೆ ಬರುವುದನ್ನು ತಡೆಯುವುದರಲ್ಲಿ ಅದು ಅಷ್ಟೇನೂ ಗಟ್ಟಿಯಲ್ಲ.

ನೀರು ಹೊಕ್ಕ ಎಣ್ಣೆ ಗೇರ್‌ಗಳ ಕಡೆತಕ್ಕೆ ಸಿಕ್ಕಿ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಆ ಸ್ಥಿತಿಯಲ್ಲಿ ಅದು ಬೇರಿಂಗ್‌ನಡಿ ಗಟ್ಟಿ ಪದರ ಕಟ್ಟಲಾರದು. ವಾಹನ ನಿಂತಿರುವಾಗ ಇನ್ನೂ ಕೆಡುಕು: ರೋಲರ್‌ಗಳು ಕುಳಿತ ಜಾಗದಲ್ಲೇ ತುಕ್ಕು ಹಿಡಿದು ಗುಳಿಗಳು ಬೀಳುತ್ತವೆ. ತಿಂಗಳುಗಳ ನಂತರ ಗುಂಯ್‌ಗುಡುವ ಸದ್ದು ಬಂದಾಗ ಯಾರಿಗೂ ಆ ಹೊಳೆಯ ನೆನಪಿರುವುದಿಲ್ಲ, ಬೈಗುಳ ಎಣ್ಣೆಯ ಕಂಪನಿಗೆ.

ಹಬ್‌ನಷ್ಟು (ಚಕ್ರದ ನಡುಭಾಗದಷ್ಟು) ಆಳದ ನೀರಿಗೆ ಇಳಿಯುವ ಮುನ್ನ ಸ್ವಲ್ಪ ಹೊತ್ತು ನಿಂತು ಆ್ಯಕ್ಸಲ್ ತಣಿಯಲು ಬಿಡಿ. ದಾಟಿ ಬಂದ ರಾತ್ರಿ ವಾಹನ ಸಮತಟ್ಟಿನಲ್ಲಿ ನಿಂತಿರಲಿ. ಬೆಳಿಗ್ಗೆ ಚಾಲೂ ಮಾಡುವ ಮೊದಲು ಡ್ರೈನ್ ಪ್ಲಗ್ ತುಸುವೇ ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ಹಾಗಾಗಿ ಬೇರ್ಪಟ್ಟಿದ್ದರೆ ಮೊದಲು ತೊಟ್ಟಿಕ್ಕುವುದು ಅದೇ. ಆಗಲೇ ಕಡೆದು ಬೆರೆತಿದ್ದರೆ ಬಣ್ಣವೇ ಹೇಳುತ್ತದೆ. ಎರಡರಲ್ಲಿ ಯಾವುದು ಕಂಡರೂ ಪೂರ್ತಿ ಬಸಿದು ಹೊಸದನ್ನು ತುಂಬಿ. ‘ಓಡಿಸಿದರೆ ಆವಿಯಾಗಿ ಹೋಗುತ್ತದೆ’ ಎಂಬ ಸಮಾಧಾನ ಬೇಡ. ತೀರಾ ಹಾಲುಬಣ್ಣವಾಗಿದ್ದರೆ ಅಗ್ಗದ ಜಿಎಲ್-5 ತುಂಬಿ, ಸ್ವಲ್ಪ ದೂರ ನಿಧಾನವಾಗಿ ಓಡಿಸಿ, ಅದನ್ನೂ ಬಸಿದು, ಆಮೇಲೆ ನಿಮ್ಮ ಖಾಯಂ ಎಣ್ಣೆ ಹಾಕಿ. ಸೀಮೆಎಣ್ಣೆ ಸುರಿದು ತೊಳೆಯುವ ಹಳೆಯ ಪದ್ಧತಿಯಲ್ಲಿ ಮೂಲೆಗಳಲ್ಲಿ ಉಳಿದದ್ದು ಹೊಸ ಎಣ್ಣೆಯನ್ನೇ ತೆಳುಮಾಡುತ್ತದೆ.

ಬ್ರೀದರ್ ಎತ್ತರಿಸಿದರೆ ಸಾಕಾಗುತ್ತದೆಯೇ?

ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಆ್ಯಕ್ಸಲ್ ಮೇಲಿನ ಪುಟ್ಟ ಕವಾಟ ತೆಗೆದು, ಎಣ್ಣೆ ತಡೆಯುವ ಕೊಳವೆಯನ್ನು ಎಂಜಿನ್ ಕೋಣೆಯ ಎತ್ತರದ ಜಾಗದವರೆಗೆ ಒಯ್ದು, ತುದಿಗೆ ಸಣ್ಣ ಫಿಲ್ಟರ್ ಕೂರಿಸಬೇಕು. ಸಸ್ಪೆನ್ಶನ್ ಪೂರ್ತಿ ಕೆಳಗೆ ಜೋತಾಗಲೂ ಕೊಳವೆ ಜಗ್ಗಬಾರದು, ಅಷ್ಟು ಸಡಿಲ ಬಿಡಿ. ಎಣ್ಣೆಯ ಆಯ್ಕೆಗೆ ಖರ್ಚು ಮಾಡುವ ಯೋಚನೆಯಲ್ಲಿ ಕಾಲುಭಾಗ ಇದಕ್ಕೆ ಕೊಟ್ಟರೂ ಆ್ಯಕ್ಸಲ್ ಹೆಚ್ಚು ಬಾಳುತ್ತದೆ. ಬ್ರೀದರ್ ಕಟ್ಟಿಕೊಂಡರೆ ಉಲ್ಟಾ ತೊಂದರೆಯೂ ಇದೆ: ಬಿಸಿಯಾದಾಗ ಒತ್ತಡ ಏರಿ ಎಣ್ಣೆ ಸೀಲ್ ದಾಟಿ ಬ್ರೇಕಿನ ಮೇಲೆ ಹರಿಯುತ್ತದೆ.

ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು?

ಕೈಪಿಡಿಗಳಲ್ಲಿ ಸಾಮಾನ್ಯ ಬಳಕೆಗೆ ಒಂದು, ಕಠಿಣ ಬಳಕೆಗೆ ಇನ್ನೊಂದು ಅವಧಿ ಇರುತ್ತದೆ. ಆಫ್‌ರೋಡ್ ಎಂದರೆ ಕಠಿಣ ಬಳಕೆ, ಅದರಲ್ಲಿ ಚೌಕಾಸಿ ಇಲ್ಲ. ಕೆಸರು, ನೀರು ಆಗಾಗ ಇರುವವರಿಗೆ ನನ್ನ ಸಲಹೆ 20,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಅದು. ‘ಜೀವಮಾನದ ಎಣ್ಣೆ’ ಎಂದು ಬರೆದಿದ್ದರೆ ಯಾರ ಜೀವಮಾನ ಎಂದು ಕೇಳಿಕೊಳ್ಳಿ.

ಮನೆಯಲ್ಲೇ ಬದಲಿಸಬಹುದೇ? ಮಟ್ಟ ನೋಡುವುದು ಹೇಗೆ?

ಬದಲಿಸಬಹುದು. ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಡ್ರೈನ್ ಪ್ಲಗ್. ಈ ಕ್ರಮ ತಪ್ಪಿಸಿ ಎಣ್ಣೆಯೆಲ್ಲ ಬಸಿದ ಮೇಲೆ ತುಕ್ಕು ಹಿಡಿದ ಫಿಲ್ಲರ್ ಪ್ಲಗ್ ಅಲುಗದೆ ಕುಳಿತರೆ, ವಾಹನ ಇದ್ದಲ್ಲೇ ಇರಬೇಕಾಗುತ್ತದೆ. ಸ್ವಲ್ಪ ಓಡಿಸಿ ಬೆಚ್ಚಗಿರುವಾಗ ಬಸಿದರೆ ಕೊಳೆಯೂ ಜೊತೆಗೆ ಬರುತ್ತದೆ. ತುಂಬುವಾಗ ವಾಹನ ಸಮತಟ್ಟಾಗಿರಲಿ. ಬರೀ ಒಂದು ಬದಿ ಜಾಕ್ ಹಾಕಿ ಎತ್ತಿದರೆ ಮಟ್ಟ ಸುಳ್ಳು ಹೇಳುತ್ತದೆ. ಹೆಚ್ಚಿನ ಆ್ಯಕ್ಸಲ್‌ಗಳಲ್ಲಿ ಫಿಲ್ಲರ್ ತೂತಿನ ಕೆಳ ಅಂಚಿಗೆ ಎಣ್ಣೆ ಬಂದು ನಿಂತರೆ ಸರಿ, ಕೆಲವದರಲ್ಲಿ ಅಂಚಿಗಿಂತ ಕೆಲವು ಮಿ.ಮೀ. ಕೆಳಗೆ. ಸೀಲಿಂಗ್ ವಾಷರ್ ಹೊಸದು ಹಾಕಿ, ಪ್ಲಗ್ ಬಿಗಿಯನ್ನು ಕೈಪಿಡಿಯ ಲೆಕ್ಕಕ್ಕೆ ಕೊಡಿ. ‘ಇರಲಿ’ ಎಂದು ಹೆಚ್ಚು ತುಂಬಿದರೆ ನೊರೆ ಏಳುತ್ತದೆ, ಸೀಲ್ ಸೋರುತ್ತದೆ.

ಸಸ್ಪೆನ್ಶನ್ ಎತ್ತರಿಸಿದ್ದೇನೆ. ಎಣ್ಣೆಗೂ ಅದಕ್ಕೂ ಸಂಬಂಧವಿದೆಯೇ?

ಇದೆ, ಹಲವರು ಯೋಚಿಸದ ಸಂಬಂಧ. ಎತ್ತರಿಸುವಾಗ, ಆ್ಯಕ್ಸಲ್‌ಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಸರಿಪಡಿಸಲು ಆ್ಯಕ್ಸಲ್ ಹೌಸಿಂಗನ್ನೇ ತುಸು ಹೊರಳಿಸಿ ಪಿನಿಯನ್ ಮೂಗನ್ನು ಮೇಲಕ್ಕೆ ಎತ್ತುತ್ತಾರೆ. ಆಗ ಎಣ್ಣೆ ಹಿಂದಕ್ಕೆ ಹರಿದು, ಪಿನಿಯನ್‌ನ ಮುಂದಿನ ಬೇರಿಂಗ್‌ಗೆ ಸಿಗುವುದು ಕಡಿಮೆಯಾಗುತ್ತದೆ. ಹೌಸಿಂಗ್ ಜೊತೆ ಫಿಲ್ಲರ್ ತೂತೂ ಹೊರಳಿರುವುದರಿಂದ ‘ಅಂಚಿಗೆ ಬಂದರೆ ಸರಿ’ ಎಂಬ ಲೆಕ್ಕವೂ ತಪ್ಪುತ್ತದೆ. ಹೆಚ್ಚು ಎತ್ತರಿಸಿದವರು ಕಿಟ್ ತಯಾರಕರು ಹೇಳಿದ ಪ್ರಮಾಣವನ್ನು ಅಳೆದೇ ತುಂಬಬೇಕು. ಉದ್ದದ, ಕಡಿದಾದ ಏರಿನಲ್ಲೂ ಇದೇ ಆಗುತ್ತದೆ, ಆದರೆ ಅದು ಕೊಂಚ ಹೊತ್ತಿನ ಮಾತು.

ಮುಂದಿನ ಮತ್ತು ಹಿಂದಿನ ಡಿಫರೆನ್ಷಿಯಲ್‌ಗೆ ಒಂದೇ ಎಣ್ಣೆಯೇ?

ಬಹಳಷ್ಟು ವಾಹನಗಳಲ್ಲಿ ಒಂದೇ. ಹಿಂದೆ ಮಾತ್ರ ಲಿಮಿಟೆಡ್ ಸ್ಲಿಪ್ ಇದ್ದರೆ ಬೇರೆ. ಮುಂದಿನ, ಹಿಂದಿನ ಆ್ಯಕ್ಸಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್‌ಗೆ ಮಾತ್ರ ಇದೇ ಎಣ್ಣೆ ಎಂದು ಊಹಿಸಬೇಡಿ, ಕೆಲವು ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆಯನ್ನೇ ಕೇಳುತ್ತವೆ.

ಬಿಡಿಸಿ-ಕೂಡಿಸುವ ಹಬ್ ಇರುವ ವಾಹನಗಳಲ್ಲಿ ಮುಂದಿನ ಆ್ಯಕ್ಸಲ್ ಎಷ್ಟೋ ದಿನ ತಿರುಗುವುದೇ ಇಲ್ಲ. ಎಣ್ಣೆ ಕೆಳಗೆ ಕುಳಿತಿರುತ್ತದೆ, ಮೇಲಿನ ಹಲ್ಲು, ಬೇರಿಂಗ್ ಒಣಗಿರುತ್ತವೆ. ತಿಂಗಳಿಗೊಮ್ಮೆ ಹಬ್ ಕೂಡಿಸಿ ಸ್ವಲ್ಪ ದೂರ ಓಡಿಸಿ, ಹಿಂದಿನ ಚಕ್ರಗಳ ಡ್ರೈವ್‌ನಲ್ಲೇ ಸಾಕು.

ಮುಂದಿನ ಆ್ಯಕ್ಸಲ್‌ನ ತುದಿಯಲ್ಲಿ ಮುಚ್ಚಿದ ಗೋಳಾಕಾರದ ನಕಲ್ (ಚಕ್ರ ಎಡಬಲ ಹೊರಳುವ ಕೀಲು) ಇರುವ ವಾಹನಗಳಲ್ಲಿ ಒಳಗಿನ ಸೀಲ್ ಸವೆದರೆ ಡಿಫರೆನ್ಷಿಯಲ್ ಎಣ್ಣೆ ಅಲ್ಲಿಗೆ ಹರಿದು ಗ್ರೀಸನ್ನು ಗಂಜಿಯಂತಾಗಿಸುತ್ತದೆ. ಚಕ್ರದ ಒಳಬದಿಯಲ್ಲಿ ಕಪ್ಪು, ನೀರಾದ ಗ್ರೀಸ್ ಸೋರುತ್ತಿದ್ದರೆ ಎಣ್ಣೆ ಮೇಲಿಂದ ಮೇಲೆ ತುಂಬುವುದು ಪರಿಹಾರವಲ್ಲ, ಸೀಲ್ ಬದಲಿಸಿ. ಪೋರ್ಟಲ್ ಆ್ಯಕ್ಸಲ್ ಇದ್ದವರಿಗೆ ಪ್ರತಿ ಚಕ್ರದ ಬಳಿಯೂ ಪ್ರತ್ಯೇಕ ಗೇರ್ ಪೆಟ್ಟಿಗೆ ಇರುತ್ತದೆ. ಅದರಲ್ಲಿ ಎಣ್ಣೆ ಸ್ವಲ್ಪವೇ, ಹಾಗಾಗಿ ಕೊಂಚ ಸೋರಿದರೂ ಅಪಾಯ.

ಡ್ರೈನ್ ಪ್ಲಗ್‌ನ ಅಯಸ್ಕಾಂತದ ಮೇಲೆ ಲೋಹದ ಪುಡಿ ಇದೆ. ಗಾಬರಿಯಾಗಬೇಕೇ?

ಬೂದುಬಣ್ಣದ ನುಣ್ಣನೆಯ ಕೆನೆಯಂತಿದ್ದರೆ ಸಹಜ ಸವೆತ, ಒರೆಸಿ ಹಾಕಿ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಪದರ, ಹಲ್ಲಿನ ತುಣುಕು ಸಿಕ್ಕರೆ ಓಡಿಸುವುದನ್ನು ನಿಲ್ಲಿಸಿ ಮುಚ್ಚಳ ಬಿಚ್ಚಿಸಿ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅದು ವಿಪರೀತ ಬಿಸಿಯಾಗಿದೆ.

ಡಿಫರೆನ್ಷಿಯಲ್ ಕೊರಗುತ್ತಿದೆ. ದಪ್ಪ ಎಣ್ಣೆ ಹಾಕಿದರೆ ಸದ್ದು ನಿಲ್ಲುತ್ತದೆ ಎಂದು ಮೆಕ್ಯಾನಿಕ್ ಹೇಳಿದರು.

ಸದ್ದು ನಿಲ್ಲಬಹುದು, ಸವೆತ ನಿಲ್ಲುವುದಿಲ್ಲ. ಆ್ಯಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಎಂದಾದರೆ ಕ್ರೌನ್-ಪಿನಿಯನ್ ಹೊಂದಾಣಿಕೆ ನೋಡಿಸಿ. ಒತ್ತಿದರೂ ಬಿಟ್ಟರೂ ವೇಗಕ್ಕೆ ತಕ್ಕಂತೆ ಒಂದೇ ಸಮನೆ ಗುಂಯ್‌ಗುಟ್ಟಿದರೆ ಬೇರಿಂಗ್ ಮೇಲೆ ಅನುಮಾನಪಡಿ. ವಾಹನ ಮಾರುವ ಮುನ್ನ ದಪ್ಪ ಎಣ್ಣೆ ತುಂಬುವವರೂ ಇದ್ದಾರೆ. ಹಳೆಯ ವಾಹನ ಕೊಂಡವರು ಮೊದಲು ಎಣ್ಣೆ ಬದಲಿಸಿ, ಆಮೇಲೆ ಕಿವಿಗೊಡಿ.

ಬೇರೆ ಬೇರೆ ಕಂಪನಿಯ ಎಣ್ಣೆ ಬೆರೆಸಬಹುದೇ? ಮೇಲಿನಿಂದ ಬೇರೆ ಸೇರ್ಪಡೆ ಹಾಕಬಹುದೇ?

ಒಂದೇ ದರ್ಜೆಯ ಜಿಎಲ್-5 ಎಣ್ಣೆಗಳು ಸಾಮಾನ್ಯವಾಗಿ ಬೆರೆಯುತ್ತವೆ. ದಾರಿಯಲ್ಲಿ ಕಡಿಮೆಯಾದರೆ ಸಿಕ್ಕಿದ್ದನ್ನು ತುಂಬಿ, ಊರು ಸೇರಿದ ಮೇಲೆ ಪೂರ್ತಿ ಬದಲಿಸಿ. ಏನೂ ಸಿಗದ ಕಡೆ ಎಂಜಿನ್ ಆಯಿಲ್ ಹಾಕಿ ನಿಧಾನಕ್ಕೆ ಬರುವುದು ಖಾಲಿ ಆ್ಯಕ್ಸಲ್‌ನಲ್ಲಿ ಬರುವುದಕ್ಕಿಂತ ಎಷ್ಟೋ ವಾಸಿ. ಪವಾಡದ ಬಾಟಲಿಗಳ ಅಗತ್ಯವಿಲ್ಲ. ಎಣ್ಣೆಯ ಸೇರ್ಪಡೆಗಳನ್ನು ಒಂದಕ್ಕೊಂದು ತೂಗಿಯೇ ಬೆರೆಸಿರುತ್ತಾರೆ, ಹೊರಗಿನದ್ದು ಆ ತೂಕವನ್ನು ಕೆಡಿಸಬಹುದು.

ಹೊಸ ಕ್ರೌನ್-ಪಿನಿಯನ್ ಹಾಕಿಸಿದ್ದೇನೆ. ಏನು ಎಚ್ಚರಿಕೆ?

ಮೊದಲ ದಿನಗಳಲ್ಲಿ ಹಲ್ಲಿನ ಮೈ ಒಂದಕ್ಕೊಂದು ಹೊಂದಿಕೊಳ್ಳುವಾಗ ಶಾಖ ಹೆಚ್ಚು. ಮೊದಲ ಸಲ ಅರ್ಧ ಗಂಟೆಯಷ್ಟು ಸಾವಕಾಶವಾಗಿ ಓಡಿಸಿ, ಪೂರ್ತಿ ತಣಿಯಲು ಬಿಡಿ, ಇನ್ನೂ ಕೆಲವು ಸಲ ಹೀಗೇ ಮಾಡಿ. ಟ್ರೇಲರ್, ಮರಳು, ದೀರ್ಘ ಹೆದ್ದಾರಿ ಓಟ ಸದ್ಯಕ್ಕೆ ಬೇಡ. ಸುಮಾರು 800 ಕಿ.ಮೀ. ಆದ ಮೇಲೆ ಮೊದಲ ಎಣ್ಣೆ ಬಸಿಯಿರಿ. ಅದರಲ್ಲಿ ಲೋಹದ ಪುಡಿ ಸಹಜವಾಗಿಯೇ ಹೆಚ್ಚಿರುತ್ತದೆ.

ದೂರದ ಪ್ರಯಾಣಕ್ಕೆ ಏನು ಒಯ್ಯಲಿ?

ಒಂದು ಡಿಫರೆನ್ಷಿಯಲ್ ಪೂರ್ತಿ ತುಂಬುವಷ್ಟು ಎಣ್ಣೆ, ಕೈಪಂಪ್ ಅಥವಾ ಕೊಳವೆ ಜೋಡಿಸಿದ ಮೆತ್ತನೆಯ ಬಾಟಲಿ, ಎರಡು ವಾಷರ್, ಪ್ಲಗ್‌ಗೆ ಸರಿಹೊಂದುವ ಕೀಲಿ. ಕೀಲಿ ಕೂರುತ್ತದೆಯೇ, ಪ್ಲಗ್ ಅಲುಗುತ್ತದೆಯೇ ಎಂಬುದನ್ನು ಹೊರಡುವ ಮೊದಲೇ ಬಿಚ್ಚಿ ನೋಡಿ. ಬಸಿದ ಎಣ್ಣೆಗೆ ಮುಚ್ಚಳವಿರುವ ಖಾಲಿ ಡಬ್ಬಿಯೂ ಇರಲಿ. ಅದನ್ನು ಮಣ್ಣಿಗೋ ಹೊಳೆಗೋ ಸುರಿಯದೆ, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.